ದೊರಸಾನಿ ಉಟ್ಟು ನಡೆದ ಹನ್ನೆರಡು ಹೆಜ್ಜೆ

ರಾಯಚೂರಿನ ನಮ್ಮ ಮನೆಯ ಗೋಡೆಯ ಮೇಲೆ ಅವ್ವನ ತಾಯಿ, ನನ್ನ ಅಜ್ಜಿಯ ಫೋಟೋ ಇದೆ. ಅದರ ಕೆಳಗಿದ್ದ ‘ದೊರಸಾನಿ’ ಎಂಬ ಹೆಸರಿನ ಮೇಲೆ ಅವ್ವ ಕಾಗದ ಅಂಟಿಸಿ ಐವತ್ತು ವರ್ಷವಾಯಿತು. ನೇಕಾರನ ಹೆಂಡತಿಗೆ ಆ ಬಿರುದು ಎಲ್ಲಿಂದ ಬಂತು, ಯಾವ ದೊರೆ ಇಟ್ಟುಕೊಂಡಿದ್ದ ಎಂದು ಅವ್ವನ ಅತ್ತೆಮನೆಯವರು ಚುಚ್ಚಿದ್ದೇ ಕಾರಣ. ನಿಜ ತಿಳಿದೇ ಬರುತ್ತೇನೆಂದು ಕಳೆದ ಮಾಘದಲ್ಲಿ ಅಜ್ಜಿಯ ಊರಾದ ಗದ್ವಾಲಕ್ಕೆ ಹೊರಟೆ. ಅವ್ವ ತಡೆಯಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

ದಾರಿಯಲ್ಲಿ ನಾರಾಯಣಪೇಟೆಯ ಪರಿಚಯದ ನಿವೃತ್ತ ಕನ್ನಡ ಮೇಷ್ಟ್ರು ಮಂಡಕ್ಕಿ, ಮಿರ್ಚಿ ತರಿಸಿ ಕೂರಿಸಿಕೊಂಡರು. “ಸಾನಿ ಅಂದ್ರ ಸ್ವಾಮಿನಿ. ದೊರಿ ಮನಿ ಒಡತಿ ದೊರಸಾನಿ ಆಗ್ತಾಳ್ರಿ. ಮಗ್ಗದ ಮನಿಯಾಕಿಗೆ ಹೆಂಗ ಬಂತೋ, ಗದ್ವಾಲದಾಗ ಕೇಳ್ರಿ” ಎಂದರು. ನಾನು ಮಿರ್ಚಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ.

ಮಕ್ತಲ್‌ನಲ್ಲಿ ಬಸ್ಸು ಬದಲಿಸಿದೆ. ಗಡಿಯಾಚೆಯ ಆ ರಾಜ್ಯದಲ್ಲಿ ಅಲ್ಲಿನ ಹೆಂಗಸರಿಗೆ ಬಸ್ ಪ್ರಯಾಣ ಪುಕ್ಕಟೆ. ಕಂಡಕ್ಟರ್ ನನ್ನ ಆಧಾರ್ ನೋಡಿ, “ನಿಮ್ದು ಕರ್ನಾಟಕ ಐತಿ, ಟಿಕೆಟ್ ತಗೋಬೇಕ್ರಿ” ಎಂದು ನಕ್ಕ. ಜುರಾಲಾ ಅಣೆಕಟ್ಟಿನ ಮೇಲೆ ಹೋಗುವಾಗ ಕೃಷ್ಣೆಯ ನೀರು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು.

ಗದ್ವಾಲದಲ್ಲಿ ಅಜ್ಜಿಯ ನಾದಿನಿ ಈರಮ್ಮ ಇದ್ದಾರೆ, ಎಂಬತ್ತೈದು ದಾಟಿದೆ. ಚಹಾ ಮುಗಿಯುವ ಮೊದಲೇ ಕೇಳಿಬಿಟ್ಟೆ.

“ನಮ್ಮ ಸೀರಿ ಒಡಲು ನೂಲು, ಅಂಚು ರೇಷ್ಮಿ. ಎರಡೂ ಕೂಡಿದಲ್ಲಿ ಜಗ್ಗತೈತೋ ಇಲ್ಲೋ, ಉಟ್ಟು ನಡದರ ಗೊತ್ತಾಗೋದು. ಅರಮನಿ ದೊರಸಾನಿಗಂತ ನಮ್ಮ ಮಗ್ಗದಾಗ ನೇಯ್ದ ಸೀರಿ ಬ್ಯಾರೆಯವ್ರು ಉಡಾಕ ಬರತೈತೇನವ್ವಾ? ಅದಕ್ಕ ನಮ್ಮ ವೈನಿ, ನಿಮ್ಮಜ್ಜಿ, ಜಳಕಾ ಮಾಡಿ ಉಡ್ತಿದ್ಲು. ಉಟ್ಟಷ್ಟು ಹೊತ್ತು ಆಕಿನೇ ದೊರಸಾನಿ. ಆಕಿ ಅತ್ತಿ, ಅಂದ್ರ ನಮ್ಮವ್ವ, ಎದ್ದು ನಿಲ್ತಿದ್ಲು. ಯಾರೂ ಕುಂದರಂಗಿಲ್ಲ!”

“ಬಿಚ್ಚಿದ ಮ್ಯಾಲೆ?”

“ಮಡಚಿ ಕೊಟ್ಟು, ತೇಪಿ ಹಾಕಿದ ಸೀರಿ ಉಟ್ಟು ಒಲಿ ಮುಂದ ಕುಂದರ್ತಿದ್ಲು. ಓಣಿ ಮಂದಿ ಮಾತ್ರ ಹೆಸರು ಬಿಡಲಿಲ್ಲ.”

ಅಜ್ಜಿ ನಡೆಯುತ್ತಿದ್ದ ಕಲ್ಲುಹಾಸನ್ನು ಈರಮ್ಮ ತೋರಿಸಿದರು. ಮಗ್ಗದಿಂದ ಬಾಗಿಲಿಗೆ ಹನ್ನೆರಡು ಹೆಜ್ಜೆ. ನಾನೂ ನಡೆದೆ, ಕಣ್ಣು ತುಂಬಿ ಬಾಗಿಲು ಕಾಣಲಿಲ್ಲ. ಅರಮನೆಯಿದ್ದ ಊರ ಕೋಟೆ ನೋಡಲು ಹೋಗಲೇ ಇಲ್ಲ.

ಬಸ್ ನಿಲ್ದಾಣದಿಂದ ಫೋನಿನಲ್ಲಿ ಎಲ್ಲ ಹೇಳಿದೆ. ಅವ್ವ, “ಅತ್ತಿನೂ ಎದ್ದು ನಿಲ್ತಿದ್ಲಾ?” ಎಂದು ಕೇಳಿದಳು.

“ಹೂಂ ಅವ್ವಾ.”

ಸಂಜೆ ಮನೆ ಸೇರಿದಾಗ ಫೋಟೋ ಮೇಜಿನ ಮೇಲಿತ್ತು. ಅವ್ವ ಒದ್ದೆ ಬಟ್ಟೆಯಿಂದ ಆ ಕಾಗದವನ್ನು ಮೆಲ್ಲಗೆ ಬಿಡಿಸುತ್ತಿದ್ದಳು. ಅರ್ಧ ಹೆಸರು ಹೊರಬಂದಿತ್ತು. ಮಂಡಿನೋವಿನವಳೆಂದು ಕುರ್ಚಿ ಸರಿಸಿ ಕೊಟ್ಟೆ. ಅವಳು ಕೂರಲಿಲ್ಲ.