ಮುಚ್ಚಿದ ಕೋಟೆಗೆ ಮೂವರು ಗೆಳತಿಯರು ಬಂದ ರವಿವಾರ

ನಲವತ್ತು ದಾಟಿದ ಹೆಂಗಸೊಬ್ಬಳು ಕಾಲೇಜಿನ ಕಾಲದ ಆಟವನ್ನು ಮತ್ತೆ ಶುರು ಮಾಡುತ್ತೇನೆ ಎಂದರೆ ನಮ್ಮ ಬನಹಟ್ಟಿಯಲ್ಲಿ ಯಾರೂ ಬೈಯುವುದಿಲ್ಲ. ಪಾಪ ಅನ್ನುತ್ತಾರೆ. ಬೈದರೆ ತಿರುಗಿ ಬೈಯಬಹುದು, ಪಾಪ ಅಂದರೆ ಏನು ಮಾಡುವುದು? ಅದಕ್ಕೇ ನಾನು ಯಾರಿಗೂ ಹೇಳಿರಲಿಲ್ಲ.

ಜಮಖಂಡಿಯಲ್ಲಿ ಓದುವಾಗ ಹಾಸ್ಟೆಲಿನ ಒಂದೇ ಕೋಣೆಯಲ್ಲಿ ನಾವು ನಾಲ್ವರು ಇದ್ದೆವು. ರದ್ದಿ ಅಂಗಡಿಯಲ್ಲಿ ನನಗೊಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಕಥೆಪುಸ್ತಕ ಎಂದು ತಂದರೆ ಅದರಲ್ಲಿ ಕಥೆಯೇ ಇಲ್ಲ. ಒಂದು ಮಾಯಾಲೋಕದ ನಕಾಶೆ, ಹಾಳುಬಿದ್ದ ಕೋಟೆಗಳು, ರಾಜಮನೆತನಗಳ ಜಗಳ, ರೆಕ್ಕೆಯ ಸರ್ಪಗಳು, ಜೊತೆಗೆ ದಾಳ ಉರುಳಿಸುವ ನಿಯಮಗಳು. ಕಥೆಯನ್ನು ಆಡುವವರೇ ಕಟ್ಟಿಕೊಳ್ಳಬೇಕು. ಒಬ್ಬಳು ಆ ಲೋಕವನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಾಳೆ. ಉಳಿದವರು ಒಂದೊಂದು ಪಾತ್ರ ಹಿಡಿದು "ನಾ ಹಿಂಗ ಮಾಡತೇನಿ" ಅನ್ನುತ್ತಾರೆ. ಅದು ಗೆಲ್ಲುತ್ತದೋ ಇಲ್ಲವೋ ದಾಳ ಹೇಳುತ್ತದೆ. ಪುಸ್ತಕ ಕೇಳಿದ ಇಪ್ಪತ್ತು ಮುಖದ ದಾಳ ಜಮಖಂಡಿಯಲ್ಲಿ ಎಲ್ಲಿ ಸಿಗಬೇಕು? ಕವಡೆ ಹಾಕಿ ಆಡಿದೆವು.

ಲೋಕ ಹೇಳುವವಳು ನಾನು. ಇಂಗ್ಲಿಷ್ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ಹೊಸೆಯುತ್ತಿದ್ದೆ. ಮುಧೋಳದವಳು ಕತ್ತಿ ಹಿಡಿದಳು, ಅನಗವಾಡಿಯವಳು ಮಂತ್ರ ಕಲಿತಳು, ಸಾವಳಗಿಯವಳು ತಾನಾಗಿಯೇ ಬೇಡಿ ಕಳ್ಳಿಯಾದಳು. ಪುಸ್ತಕದ ವೀರರು ಏನು ತಿನ್ನುತ್ತಿದ್ದರೋ, ನಮ್ಮ ವೀರರ ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಇರುತ್ತಿದ್ದವು. ಕೊನೆಯ ವರ್ಷದ ಪರೀಕ್ಷೆ ಬಂದಾಗ ಮೂವರೂ ಒಂದು ಮುಚ್ಚಿದ ಕೋಟೆಯ ಮುಂದೆ ನಿಂತಿದ್ದರು. ಆಟ ಅಲ್ಲೇ ನಿಂತಿತು. ಒಬ್ಬೊಬ್ಬರದೇ ಮದುವೆಯಾಯಿತು. ನನಗೆ ಬನಹಟ್ಟಿಯ ಬ್ಯಾಂಕಿನಲ್ಲಿ ಕೆಲಸವಾಯಿತು, ಮದುವೆ ಆಗಲಿಲ್ಲ.

ಈಚೆಗೆ ಫೋನಿನಲ್ಲಿ ನೋಡುತ್ತೇನೆ, ಅದೇ ಲೋಕ! ಎಷ್ಟೋ ವರ್ಷ ಅಚ್ಚಿನಲ್ಲೇ ಇಲ್ಲದ್ದಕ್ಕೆ ಮತ್ತೆ ಜೀವ ತುಂಬಿದ್ದಾರೆ. ಹೊಸ ಪುಸ್ತಕ, ಹೊಸ ನಕಾಶೆ, ದಾಳ ಎಲ್ಲ ಸೇರಿಸಿ ಒಂದು ಪೆಟ್ಟಿಗೆ. ತರಿಸಿಕೊಂಡೆ. ಮೊದಲ ದಿನ ಸಿಟ್ಟೇ ಬಂತು. ನಮ್ಮ ಬೋಳು ಗುಡ್ಡಕ್ಕೆ ಹಸಿರು ಬಳಿದಿದ್ದರು, ಕೋಟೆಯ ಮುದಿ ರಾಜನನ್ನು ಪ್ರಾಯದವನನ್ನಾಗಿ ಮಾಡಿದ್ದರು. ಯಾರನ್ನು ಕೇಳಿ ಮಾಡಿದರು ಅನ್ನಿಸಿತು. ಆದರೂ ಸಂಜೆ ಬ್ಯಾಂಕಿನಿಂದ ಬಂದು, ಪಕ್ಕದ ಮನೆಯ ಮಗ್ಗಗಳ ಸದ್ದಿನಲ್ಲಿ ದಿನಾ ಓದಿದೆ. ಹೊಸ ಪುಸ್ತಕದ ಜೊತೆ ನಮ್ಮ ಹಳೆಯ ಲೋಕವನ್ನು ಹೊಂದಿಸಿದೆ. ಕೋಟೆಯೊಳಗೆ ಬೀದಿ ಮಾಡಿದೆ, ಬಲೆ ಒಡ್ಡಿದೆ, ರಾಜನಿಗೆ ಮತ್ತೆ ವಯಸ್ಸು ಕೊಟ್ಟೆ. ಎಲ್ಲ ಸಿದ್ಧವಾದ ಮೇಲೆ ನೋಡಿದರೆ ಒಳಗೆ ಕಾಲಿಡುವವರೇ ಇಲ್ಲ. ಅಷ್ಟು ದೊಡ್ಡ ಲೋಕದಲ್ಲಿ ಒಬ್ಬಳೇ ಕೂತಿರುವುದು ನನ್ನಿಂದ ಆಗಲಿಲ್ಲ.

ಮೂವರಿಗೂ ಫೋನ್ ಮಾಡಿದೆ. ಆಟಕ್ಕೆ ಬನ್ನಿ ಎನ್ನಲು ನಾಲಿಗೆ ಏಳಲಿಲ್ಲ. "ಒಂದ ಛಲೋ ಸುದ್ದಿ ಐತಿ. ಫೋನಿನ್ಯಾಗ ಹೇಳಾಕ ಬರೂದಿಲ್ಲ. ರವಿವಾರ ತಪ್ಪದ ಬರ್ರಿ," ಎಂದೆ. ಮೂವರೂ ಒಂದೇ ಮಾತಿಗೆ ಒಪ್ಪಿದರು. ಇಷ್ಟು ಸುಲಭವೇ ಎಂದು ಹಿಗ್ಗಿದೆ.

ರವಿವಾರ ಮೂವರೂ ಒಂದೇ ಆಟೋದಲ್ಲಿ ಬಂದಿಳಿದರು. ಜರಿ ಸೀರೆ, ಮುಡಿ ತುಂಬ ಹೂವು. ಕೈಯಲ್ಲಿ ಹಸಿರು ಸೀರೆ, ಖಣ, ತೆಂಗಿನಕಾಯಿ, ಉತ್ತತ್ತಿ, ಅಕ್ಕಿ. ಮುಧೋಳದವಳು ಹೊಸ್ತಿಲಲ್ಲೇ ನನ್ನ ಕೆನ್ನೆ ಹಿಡಿದು, "ಕಡೀಕೂ ಕೂಡಿ ಬಂತಲ್ಲ ಬೇ!" ಎಂದಳು. ಸಾವಳಗಿಯವಳು ಒಳಕೋಣೆಗೆ ಇಣುಕಿ, "ಎಲ್ಲದಾರ ಅವರು? ಏನ ಮಾಡತಾರ?" ಎಂದಳು.

ನನಗೇ ಹೊಳೆಯಬೇಕಿತ್ತು. ಮದುವೆಯಾಗದ ಹೆಣ್ಣು ಫೋನಿನಲ್ಲಿ ಹೇಳಲಾಗದ ಛಲೋ ಸುದ್ದಿ ಐತಿ ಅಂದರೆ ನಮ್ಮ ಸೀಮೆಯಲ್ಲಿ ಅದು ಒಂದೇ.

ಪೆಟ್ಟಿಗೆ ತಂದು ಮುಂದಿಟ್ಟೆ. "ಇದ ಸುದ್ದಿ," ಎಂದೆ. ಮೂವರೂ ಪೆಟ್ಟಿಗೆಯ ಮೇಲಿನ ಸರ್ಪವನ್ನು ನೋಡಿದರು. ಮುಧೋಳದವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ನನ್ನ ಮುಖ ನೋಡಿದವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಉಡಿಗೆ ತಂದದ್ದ ಹೊಳ್ಳಿ ಒಯ್ಯಬಾರದು. ಕುಂಡರ," ಎಂದು ಅನಗವಾಡಿಯವಳು ನನ್ನನ್ನು ಮಣೆಯ ಮೇಲೆ ಕೂರಿಸಿದಳು. ಮೂವರೂ ಸೇರಿ ಮದುಮಗಳಿಗೆ ತುಂಬುವ ಹಾಗೆ ನನ್ನ ಉಡಿ ತುಂಬಿದರು. ಸೆರಗಿನಲ್ಲಿ ಅಕ್ಕಿ, ಕಾಯಿ ಹಿಡಿದು ಕೂತೆ. ನಾಚಿಕೆಯಾಯಿತು. ಹಾಗೆ ಕೂತಿರುವುದು ಹಿತವೂ ಆಯಿತು, ಅದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಊಟವಾದ ಮೇಲೆ ನಕಾಶೆ ಹಾಸಿದೆ. "ಕ್ವಾಟಿ ಬಾಗಲಾ ಮುಚ್ಚೇತಿ. ಮ್ಯಾಲಿಂದ ಕಾವಲಿನವ ನೋಡಾಕತ್ತಾನ. ಏನ ಮಾಡತೀರಿ?"

ಮುಧೋಳದವಳು ದಾಳವನ್ನು ಕೈಯಲ್ಲಿ ತಿರುಗಿಸಿ ಕೆಳಗಿಟ್ಟಳು. "ನಾ ಮನಿಗೆ ಹೋಗತೇನಿ."

"ಅಂದ್ರ?"

"ಕತ್ತಿ ಹಿಡದ ಎಷ್ಟ ವರ್ಷಾತು ಬೇ? ನನ್ನ ಕತ್ತಿಯಾಕಿಗೂ ಸಾಕಾಗಿರತೈತಿ. ಹೋಗಿ ಕಣ್ತುಂಬ ನಿದ್ದಿ ಮಾಡತಾಳ."

"ನಂದೂ ಹಂಗ," ಎಂದಳು ಅನಗವಾಡಿಯವಳು. ಸಾವಳಗಿಯವಳು ತನ್ನ ಕಳ್ಳಿ ಕಳವು ಬಿಟ್ಟು ಎರಡು ಎಮ್ಮೆ ಕಟ್ಟುತ್ತಾಳೆ ಎಂದಳು.

ಆಟದಲ್ಲಿ ನನಗೆ ಬೇಡ ಅನ್ನುವ ಹಕ್ಕಿಲ್ಲ. ಪಾತ್ರ ಯಾರದೋ, ತೀರ್ಮಾನವೂ ಅವರದೇ. ಒಡ್ಡಿದ್ದ ಬಲೆ, ಕಾದಿದ್ದ ರಾಜ ಎಲ್ಲವನ್ನೂ ಬಿಟ್ಟು ಮನೆಯ ದಾರಿ ಹೇಳತೊಡಗಿದೆ. ಗುಡ್ಡ ಇಳಿಸಿದೆ, ಹೊಳೆ ದಾಟಿಸಿದೆ, ಅವರವರ ಬಾಗಿಲ ಮುಂದೆ ನಿಲ್ಲಿಸಿದೆ. ಅವರು ಇನ್ನೂ ಹೇಳು ಎಂದು ಹತ್ತಿರ ಸರಿದರು. "ನಾ ಕುಂತಲ್ಲೇ ಯಾರರ ಬಿಸಿ ರೊಟ್ಟಿ ನೀಡಬೇಕು ನೋಡ," ಎಂದಳು ಮುಧೋಳದವಳು. ನೀಡಿಸಿದೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹಾಸ್ಟೆಲಿನಲ್ಲೂ ಅವರು ಇಷ್ಟು ಮನಸ್ಸಿಟ್ಟು ಆಡಿರಲಿಲ್ಲ.

ಅನಗವಾಡಿಯವಳಿಗೆ ಏನೋ ನೆನಪಾಯಿತು. "ಮತ್ತ ನೀ? ನಿಂದ ಪಾತ್ರ ಯಾವುದು ಇದರಾಗ?"

"ಕತಿ ಹೇಳಾಕಿಗೆ ಪಾತ್ರ ಇರೂದಿಲ್ಲ. ಕಾವಲಿನವ, ರಾಜ, ಸರ್ಪ, ಸಂತ್ಯಾಗಿನ ಮಂದಿ, ಎಲ್ಲಾರೂ ನಾನ."

ಅವಳು ನಕಾಶೆಯ ಕೋಟೆಯ ಮೇಲೆ ಬೆರಳಿಟ್ಟಳು. "ಹಂಗಾರ ನಾವ ಮೂರೂ ಮಂದಿ ಮನಿ ಸೇರಿದ ಮ್ಯಾಲ ಅಲ್ಲೆ ನೀ ಒಬ್ಬಾಕಿನ ಉಳದಂಗಾತಲ್ಲ," ಎಂದಳು.

ಹೌದು ಎಂದೆ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಗಿತ್ತು. ಮೂವರೂ ಎದ್ದು ಚಪ್ಪಲಿ ಮೆಟ್ಟಿಕೊಂಡರು.