ಮುಯ್ಯಿ ರೊಟ್ಟಿ, ಬಾಯಿ ಸಿಹಿ ಮತ್ತು ನನ್ನ ಹೆಬ್ಬೆರಳು

ಎಡಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿತು. ಕಚ್ಚಿದ ಚಪ್ಪಲಿ ಹರಿದು ಹೋಯಿತು, ಹುಣ್ಣು ಮಾತ್ರ ಹೋಗಲಿಲ್ಲ. ಅರಿಶಿನ ಹಚ್ಚಿದೆ, ಬೇವಿನೆಣ್ಣೆ ಹಚ್ಚಿದೆ, ಮಾಯುತ್ತದೆ ಬಿಡು ಎಂದು ಬಿಟ್ಟೆ. ಕಡೆಗೆ ಸೊಸೆ ಕೆಲಸಕ್ಕೆ ರಜೆ ಹಾಕಿ ನನ್ನನ್ನು ದವಾಖಾನೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಚಿಕ್ಕ ಹುಡುಗಿ. ರಕ್ತ ತೆಗೆಸಿದಳು, ಕಾಗದ ನೋಡಿದಳು, ಮರಾಠಿಯಲ್ಲಿ ನೆಟ್ಟಗೆ ಹೇಳಿದಳು. "ಆಜೀ, ಮೈಯಲ್ಲಿ ಸಕ್ಕರೆ ಬಹಳ ಇದೆ. ಅದು ಇಳಿಯದಿದ್ದರೆ ಹುಣ್ಣು ಮಾಯುವುದಿಲ್ಲ. ಬೆರಳು ತೆಗೆಯಬೇಕಾಗುತ್ತದೆ."

ಈ ವಯಸ್ಸಿನಲ್ಲಿ ಒಂದು ಬೆರಳು ಹೋದರೇನು ಎಂದು ಯಾರಾದರೂ ಕೇಳಬಹುದು. ನಮ್ಮ ವಸ್ತಿ, ಅಂದರೆ ಕೂಲಿಯವರ ಓಣಿ, ಪುಣೆಯ ಕೋಥರೂಡದ ಗುಡ್ಡದ ಇಳಿಜಾರಿನಲ್ಲಿದೆ. ಹೆಬ್ಬೆರಳು ಊರದೆ ಹತ್ತುವುದಕ್ಕೂ ಆಗುವುದಿಲ್ಲ, ಇಳಿಯುವುದಕ್ಕೂ ಆಗುವುದಿಲ್ಲ. ಬೆರಳು ಹೋದರೆ ನಾನು ಬಾಗಿಲಲ್ಲಿ ಕುಂತ ಮುದುಕಿ. ಅಂಥವರನ್ನು ನೋಡಿದ್ದೇನೆ. ಕುಂತಲ್ಲಿಂದಲೇ ಹೋಗಿ ಬರುವವರನ್ನೆಲ್ಲ ಬೈಯುತ್ತಿರುತ್ತಾರೆ. ನಾನು ಓಡಾಡಿಕೊಂಡು ಬೈಯುವವಳು.

ಗುಳಿಗೆ ಬರೆದು, ಪಟ್ಟಿ ಕಟ್ಟಿ, ಪಾವ್ ಬಿಡಿ, ಅನ್ನ ಕಡಿಮೆ ಮಾಡಿ, ಜೋಳದ ರೊಟ್ಟಿ ಮತ್ತು ಸೊಪ್ಪು ತಿನ್ನಿ ಎಂದಳು ಡಾಕ್ಟರ್. ನಾವು ಯಾದಗಿರಿ ಕಡೆಯವರು, ಹುಟ್ಟಿದ್ದೇ ರೊಟ್ಟಿಯ ಮೇಲೆ. ಆದರೆ ಪುಣೆಗೆ ಬಂದ ಮೇಲೆ ರೊಟ್ಟಿ ಬಡಿಯುವವರು ಯಾರು? ಮಗ ಹೊತ್ತು ಮೂಡುವ ಮೊದಲೇ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ. ಅವನ ಹಿಂದೆಯೇ ಸೊಸೆ ಸೊಸೈಟಿಯ ಫ್ಲ್ಯಾಟುಗಳಿಗೆ ಪಾತ್ರೆ ತಿಕ್ಕಲು ಹೊರಡುತ್ತಾಳೆ. ನನ್ನ ಭುಜ ಇಟ್ಟಿಗೆ ಹೊತ್ತು ಹೊತ್ತು ಕೆಟ್ಟಿದೆ, ರೊಟ್ಟಿ ಬಡಿಯುವುದು ಭುಜದ ಕೆಲಸ. ಹಾಗಾಗಿ ಬೆಳಿಗ್ಗೆ ಚಹಾ ಪಾವ್, ಮಧ್ಯಾಹ್ನ ಅನ್ನ, ಸಂಜೆ ಗಲ್ಲಿಯ ಬಾಯಲ್ಲಿ ಕರಿಯುವ ವಡೆ. ಅಲ್ಲಿನ ಅಂಗಡಿಯಲ್ಲಿ ಬಣ್ಣದ ಪೊಟ್ಟಣಗಳು ತೋರಣದಂತೆ ನೇತಾಡುತ್ತವೆ, ಒಂದು ಕಟ್ಟು ಮೆಂತ್ಯ ಸಿಗುವುದಿಲ್ಲ. ತರಕಾರಿ ಗಾಡಿಯವನು ಕೆಳಗೆ ಸೊಸೈಟಿಗಳ ಗೇಟಿನಲ್ಲೇ ಮಾರಿ ಮುಗಿಸಿ ಹೋಗುತ್ತಾನೆ.

ಎದುರು ಮನೆಯವಳು ಸೋಲಾಪುರದ ಕಡೆಯವಳು. ಮನೆಯಲ್ಲಿ ಮರಾಠಿ, ನಮ್ಮ ಜೊತೆ ಕನ್ನಡ, ಜಗಳ ಎರಡರಲ್ಲೂ ಮಾಡುತ್ತಾಳೆ. ಅವಳಿಗೆ ಬೆರಳಿನ ಸುದ್ದಿ ಹೇಳಿದೆ.

"ನಿನಗಷ್ಟೇ ಅಲ್ಲ ಯಕ್ಕಾ, ನನಗೂ ಬಿಪಿ ಅದ," ಎಂದಳು. "ಮೂಲಿಮನಿ ಹುಡುಗಿಗಿ ರಕ್ತ ಇಲ್ಲಂತ. ಒಬ್ಬಾಕಿ ರೊಟ್ಟಿ ಬಡಿಯೋದು ಆಗೋದಿಲ್ಲ. ಮುಯ್ಯಿ ಹಾಕೋಣು."

ಮುಯ್ಯಿ ಎಂದರೆ ನಮ್ಮ ಕಡೆಯ ಪದ್ಧತಿ. ಮದುವೆ ಬಂದರೆ, ಸುಗ್ಗಿಯ ರಾಶಿ ಬಂದರೆ, ಓಣಿಯ ಹೆಂಗಸರೆಲ್ಲ ಒಂದು ಮನೆಯಲ್ಲಿ ಕೂಡಿ ರೊಟ್ಟಿ ಬಡಿಯುತ್ತಾರೆ. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಕೂಲಿ ಕೇಳುವಂತಿಲ್ಲ. ಅದನ್ನೇ ಇಲ್ಲಿ ದಿನಾ ಸಂಜೆಗೆ ಮಾಡಿಕೊಂಡೆವು. ಒಂದೊಂದು ಸಂಜೆ ಒಂದೊಂದು ಮನೆಯ ಒಲೆ. ಎಲ್ಲರೂ ಹಿಟ್ಟು ತರುವುದು, ಕೂಡಿ ಬಡಿಯುವುದು, ತಮ್ಮ ತಮ್ಮ ಪಾಲು ಒಯ್ಯುವುದು. ಮೂಲೆಮನೆ ಹುಡುಗಿ ಅಫಜಲಪುರದವಳು, ಅವಳ ಅಪ್ಪ ಜೋಳದ ಚೀಲ ಬಸ್ಸಿಗೆ ಹಾಕುತ್ತಾನೆ, ನನ್ನ ಮಗ ಸ್ವಾರಗೇಟ್ ಬಸ್ ನಿಲ್ದಾಣದಲ್ಲಿ ಇಳಿಸಿಕೊಳ್ಳುತ್ತಾನೆ. ನಾನು ಹಿಟ್ಟು ನಾದುವುದು, ತಪ್ಪು ಹಿಡಿಯುವುದು.

ಸೊಪ್ಪಿಗಾಗಿ ಎದುರು ಮನೆಯವಳು ಕೆಳಗಿಳಿದು ತರಕಾರಿಯವನ ಗಾಡಿಯ ಹಿಡಿಕೆಯನ್ನೇ ಹಿಡಿದುಕೊಂಡಳು. ಮೇಲೆ ಬಾ ಎಂದಳು. ಗಾಡಿ ಹತ್ತುವುದಿಲ್ಲ ಮಾವ್ಶಿ ಎಂದ. ನಾವು ದೂಡುತ್ತೇವೆ ಎಂದಳು. ದೂಡಿದೆವು ಸಹ. ಅವನು ಮುಂದೆ, ಸೊಸೆ ಮತ್ತು ಮೂಲೆಮನೆಯವಳು ಹಿಂದೆ, ನಾನು ಕುಂಟುತ್ತಾ ಎಲ್ಲರ ಹಿಂದೆ. ಮೇಲೆ ಬಂದ ಮೇಲೆ ಅವನ ರಾಜಗಿರಿ, ಪುಂಡಿ, ಪಾಲಕ ಎಲ್ಲ ಖಾಲಿ. ಮರುದಿನ ಅವನೇ ಕೆಳಗೆ ನಿಂತು, ದೂಡಲು ಬನ್ನಿ ಎಂದು ಕೂಗಿದ.

ಒಂದು ತಿಂಗಳು ಹೀಗೆ ತಿಂದು, ಗಂಡಿನ ಕಡೆಯ ಬೀಗಿತ್ತಿಯ ಹಾಗೆ ಎದೆಯುಬ್ಬಿಸಿ ದವಾಖಾನೆಗೆ ಹೋದೆ. ಸಕ್ಕರೆ ಏರಿತ್ತು. ಹುಣ್ಣು ಅಗಲವಾಗಿತ್ತು.

"ಏನು ತಿಂದಿರಿ ಆಜೀ?"

"ರೊಟ್ಟಿ, ಪಲ್ಯ."

"ಮತ್ತೆ?"

"ಮತ್ತೇನೂ ಇಲ್ಲ. ದೇವರಾಣೆ."

ಪಕ್ಕದಲ್ಲಿದ್ದ ಸೊಸೆ ಮೆಲ್ಲಗೆ, "ಅತ್ತಿ, ಸಜ್ಜಕ?" ಎಂದಳು.

"ಅದು ತಿನ್ನೋದಲ್ಲ ಏ. ಅದು ಮುಯ್ಯಿದು."

ಮುಯ್ಯಿಗೆ ಬಂದವರನ್ನು ಬಾಯಿ ಸಿಹಿ ಮಾಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅದು ಊಟದ ಲೆಕ್ಕಕ್ಕೆ ಬರುವುದಿಲ್ಲ, ಮರ್ಯಾದೆಯ ಲೆಕ್ಕಕ್ಕೆ ಬರುತ್ತದೆ. ಊರಲ್ಲಿ ಮುಯ್ಯಿ ವರ್ಷಕ್ಕೆ ಯಾವಾಗಲೋ ಬರುತ್ತಿತ್ತು. ಇಲ್ಲಿ ದಿನಾ ಬಂತು. ಒಂದು ಮನೆಯಲ್ಲಿ ಸಜ್ಜಕ, ಇನ್ನೊಂದರಲ್ಲಿ ಮಾದಲಿ, ಎದುರು ಮನೆಯವಳು ಶೇಂಗಾ ಹೋಳಿಗೆ ಮಾಡಿದಳೆಂದು ಮೂಲೆಮನೆಯವಳು ಬೆಲ್ಲದ ಗೋಧಿ ಹುಗ್ಗಿ. ಮೇಲೆ ಬೆಲ್ಲದ ಚಹಾ. ಪಾವ್ ತಿನ್ನುವಾಗ ಇಷ್ಟು ಸಿಹಿ ನಾನು ಕಂಡಿರಲಿಲ್ಲ.

ಸೊಸೆ ಇದನ್ನೆಲ್ಲ ಮರಾಠಿಯಲ್ಲಿ ಬಿಡಿಸಿ ಹೇಳಿದಳು. ಡಾಕ್ಟರ್ ಬಾಯಿಗೆ ಕೈ ಅಡ್ಡ ಇಟ್ಟು ನಗು ತಡೆದಳು. ಆಮೇಲೆ ನೆಟ್ಟಗೆ ಕೂತು ಹೇಳಿದಳು. ಇನ್ನೊಂದು ತಿಂಗಳು ನೋಡುತ್ತೇನೆ, ಹೀಗೇ ಇದ್ದರೆ ದೊಡ್ಡ ದವಾಖಾನೆಗೆ ಕಳಿಸುತ್ತೇನೆ, ಅಲ್ಲಿ ಬೆರಳು ತೆಗೆಯುತ್ತಾರೆ.

ಅವತ್ತು ಸಂಜೆ ಎದುರು ಮನೆಯ ಸರದಿ. ಹೋಳಿಗೆಯ ಮೇಲೆ ತುಪ್ಪ ಸುರಿದು ನನ್ನ ಮುಂದಿಟ್ಟಳು. ತಾಟು ಹಿಂದಕ್ಕೆ ದೂಡಿದೆ.

"ಯಾಕ, ನಮ್ಮನಿದು ಸೇರಲ್ಲೇನು? ನಿನ್ನಿ ಮೂಲಿಮನ್ಯಾಗ ಎರಡ ಸಲ ಹಾಕಿಸ್ಕೊಂಡಿ."

"ಬೆರಳ ಕೊಯ್ತಾರಂತ."

"ನಿನ್ನಿ ಇದ್ದಿಲ್ಲೇನು ಬೆರಳ?"

"ನಿನ್ನ ಹೋಳಿಗಿ ತಿಂದು ಬೆರಳ ಹೋದ್ರ ನೀ ಹೊತ್ಕೊಂಡು ತಿರಗ್ತಿಯೇನು ನನಗ?"

ಅವಳು ತಾಟು ಎತ್ತಿಕೊಂಡು ಒಳಗೆ ಹೋದಳು. ಮರುದಿನ ಮುಯ್ಯಿಗೆ ಬರಲಿಲ್ಲ. ಅವಳ ಕೈ ಇಲ್ಲದೆ ಅಷ್ಟು ಮನೆಯ ರೊಟ್ಟಿ ಆಗುವುದಿಲ್ಲ. ಅವಳು ಎರಡು ಕೈಯಲ್ಲಿ ನಾಲ್ಕು ಜನರ ಕೆಲಸ ಮಾಡುವವಳು, ಅದನ್ನು ಒಪ್ಪಬೇಕು. ಒಲೆ ಹತ್ತಲಿಲ್ಲ. ಗಾಡಿಯವನು ಕೆಳಗೆ ಕೂಗಿ ಕೂಗಿ ಹೋದ. ಆ ವಾರವೇ ಎಲ್ಲರ ಮನೆಗೂ ಪಾವ್ ತಿರುಗಿ ಬಂತು. ಮೂಲೆಮನೆ ಹುಡುಗಿ ಚಹಾದಲ್ಲಿ ಖಾರಿ ಬಿಸ್ಕೀಟು ಅದ್ದುತ್ತಾ ಕೂತಿದ್ದಳು. ನಾನೂ ಅನ್ನ ಉಂಡೆ. ಹುಣ್ಣು ವಾಸನೆ ಹಿಡಿಯಿತು.

ತಪ್ಪಾಯಿತು ಎನ್ನುವುದು ನನ್ನ ಬಾಯಿಗೆ ಬರುವುದಿಲ್ಲ, ನಾನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಒಂದು ಮಧ್ಯಾಹ್ನ ಅವಳ ಬಾಗಿಲಿಗೆ ಹೋಗಿ ಪಟ್ಟಿ ಬಿಚ್ಚಿ ಕಾಲನ್ನು ಹೊಸ್ತಿಲ ಮೇಲಿಟ್ಟೆ.

"ಹೊಸ್ತಿಲ ಮ್ಯಾಲ ಕಾಲ ಇಡಬಾರ್ದು," ಎಂದಳು. ಆಮೇಲೆ ಬಗ್ಗಿ ನೋಡಿದಳು. ಮೂಗಿಗೆ ಸೆರಗು ಹಿಡಿದಳು. "ಇಷ್ಟ ಆಗ್ಯದ ಅಂತ ಹೇಳಬಾರ್ದಾ?"

"ಹೇಳೀನಲ್ಲ."

"ನೀ ಎಲ್ಲಿ ಹೇಳ್ದಿ, ಬೈದಿ."

ಒಳಗೆ ಕರೆದು ಕೂಡಿಸಿ, ತಾನೇ ಬಿಸಿನೀರಿನಲ್ಲಿ ತೊಳೆದು ಪಟ್ಟಿ ಕಟ್ಟಿದಳು. ಮುಯ್ಯಿಗೆ ಬರುತ್ತೇನೆ ಎಂದಳು. ಆದರೆ ಬಂದವರನ್ನು ಬರಿಬಾಯಿಯಲ್ಲಿ ಕಳಿಸುವುದು ಮಾತ್ರ ತನ್ನಿಂದಾಗದು, ಸತ್ತ ಅತ್ತೆ ಎದ್ದು ಬಂದು ಬಡಿಯುತ್ತಾಳೆ ಎಂದಳು.

ಅಷ್ಟರಲ್ಲಿ ಮೂಲೆಮನೆಯವಳೂ ಬಂದು ಬಾಗಿಲಲ್ಲಿ ನಿಂತಿದ್ದಳು. "ಅದಕ್ಯಾಕ ಇಷ್ಟ ಜಗಳ, ಯವ್ವಾ? ಬಾಯಿ ಬರಿದಾಗಬಾರ್ದು, ಅಷ್ಟೇ ಅಲ್ಲ? ಹಂಚಿನ ಮ್ಯಾಲಿನ ಮೊದಲ್ನೇ ಬಿಸಿ ರೊಟ್ಟಿ ಮುರಿದು ಎಲ್ಲರ ಕೈಗಿ ಕೊಡ್ರಿ. ಹಿಂಡಿ, ಉಳ್ಳಾಗಡ್ಡಿ ಹಚ್ಚಿ ಕೊಡ್ರಿ. ಅದೂ ಮರ್ಯಾದಿನೇ."

ಎದುರು ಮನೆಯವಳು ಬಿಸಿನೀರಿನ ಬೋಗುಣಿ ಎತ್ತಿಕೊಂಡು, "ಮೊಸರು ಹಾಕಿದ್ರ ಅತ್ತಿ ಏನೂ ಅನ್ನಾಂಗಿಲ್ಲ," ಎಂದಳು.

ಹೀಗೆ ಸಿಹಿ ಹೋಯಿತು, ಹಿಂಡಿ, ಅಂದರೆ ಚಟ್ನಿಪುಡಿ, ಬಂತು. ಪೈಪೋಟಿ ಮಾತ್ರ ಹೋಗಲಿಲ್ಲ. ಒಬ್ಬಳು ಶೇಂಗಾ ಹಿಂಡಿ ಕುಟ್ಟಿದರೆ ಇನ್ನೊಬ್ಬಳು ಅಗಸಿ, ಮತ್ತೊಬ್ಬಳು ಗುರೆಳ್ಳು. ಸೊಸೆಯ ಖಾರಕ್ಕೆ ಕಣ್ಣಲ್ಲಿ ನೀರು ಬರುತ್ತದೆ. ಖಾರ ತಿಂದು ಯಾರ ಬೆರಳೂ ಹೋಗುವುದಿಲ್ಲ ಎಂದು ಡಾಕ್ಟರಿಗೆ ಕೇಳಿಯೇ ತಿಂದೆ. ಉಪ್ಪು ನೋಡಿಕೊಳ್ಳಿ ಎಂದಳು, ಅದನ್ನು ಎದುರು ಮನೆಯ ಬಿಪಿಗೆ ಮುಟ್ಟಿಸಿದೆ.

ಗುಳಿಗೆ, ಪಟ್ಟಿ, ರೊಟ್ಟಿ, ಎಲ್ಲ ಸೇರಿ ಹುಣ್ಣು ಅಂಚಿನಿಂದ ಒಣಗತೊಡಗಿತು. ಉಗುರು ಉದುರಿತು. ಡಾಕ್ಟರ್ ಸತ್ತ ಚರ್ಮ ಕತ್ತರಿಸಿ ತೆಗೆದು, ಒತ್ತಿ ನೋಡಿ, ಬೆರಳು ಉಳಿಯಿತು ಆಜೀ ಎಂದಳು. ಸಕ್ಕರೆ ಪೂರಾ ಹೋಗುವುದಿಲ್ಲವಂತೆ, ನಾನು ಹೋಗುವವರೆಗೆ ಜೊತೆಗಿರುತ್ತದಂತೆ. ಇರಲಿ.

ಅವತ್ತು ಸಂಜೆ ಮುಯ್ಯಿಗೆ ಬಂದವರೆಲ್ಲ ಬೆರಳು ನೋಡಬೇಕೆಂದರು. ಚಾಪೆಯ ಮೇಲೆ ಕಾಲು ಚಾಚಿದೆ. ಉಗುರಿಲ್ಲದೆ, ಸೊಟ್ಟಗೆ, ಬೇಯಿಸಿದ ಗೆಣಸಿನ ತುದಿಯ ಹಾಗೆ ಇತ್ತು. ಎದುರು ಮನೆಯವಳು ಹಿಟ್ಟಿನ ಕೈ ಸೊಂಟಕ್ಕಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಇಂಥಾ ಕೆಟ್ಟ ಬೆರಳಿಗಿ ಇಷ್ಟ ಮಂದಿ ದುಡದೆವಲ್ಲ ಯಕ್ಕಾ."

"ನಿನ್ನ ಮಾರಿಕಿಂತ ಚಂದ ಅದ," ಎಂದೆ. "ಆ ಕಡಿ ಸರಿ, ಹಂಚು ಕಾಯ್ಲಕತ್ತದ."