ಡಿಸ್ಕಿನೊಳಗೆ ಉಳಿದ ಪತ್ರ

ಕಂಪ್ಯೂಟರ್ ರಿಪೇರಿಯಲ್ಲಿ ನನಗೆ ಒಳ್ಳೆಯ ಹೆಸರಿದೆ. ಹೊಸ ಮಷೀನು ಬರುವಾಗಲೇ ಆಪರೇಟಿಂಗ್ ಸಿಸ್ಟಮ್ ತುಂಬಿಕೊಂಡು ಬರುತ್ತದೆ. ಜೊತೆಗೆ ಯಾರೂ ಕೇಳದ ಹತ್ತಾರು ಪ್ರೋಗ್ರಾಂಗಳು, ಜಾಹೀರಾತುಗಳು. ಸಿಸ್ಟಮನ್ನು ಮತ್ತೆ ಹಾಕಿಕೊಳ್ಳಲು ಬೇಕಾದ ಡಿಸ್ಕ್ ಮಾತ್ರ ಕೊಡುವುದಿಲ್ಲ. ಆ ಕಸವನ್ನೆಲ್ಲ ಗುಡಿಸಿ, ಬರೀ ಸಿಸ್ಟಮ್ ಇರುವ ಡಿಸ್ಕ್ ಮಾಡಿಕೊಡುವುದು ನನ್ನ ಕಸುಬು. 'ಕ್ಲೀನ್ ಡಿಸ್ಕ್' ಎಂದು ಅದರ ಮೇಲೆ ದಪ್ಪಕ್ಷರದಲ್ಲಿ ಬರೆಯುವಾಗ ಜಂಬ ಬೇರೆ.

ಅಕ್ಕ ವಾಚನಾಲಯದಲ್ಲಿ ಸಹಾಯಕಿ. ಅಪ್ಪ, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಮದುವೆಯ ಮಾತು ಬಂದಾಗೆಲ್ಲ "ಮೊದ್ಲು ಇವನು ಒಂದು ದಡ ಸೇರ್ಲಿ" ಎನ್ನುತ್ತಿದ್ದಳು. ನಾನು ದಡ ಸೇರುವಷ್ಟರಲ್ಲಿ ಅವಳ ಕೂದಲು ನರೆತಿತ್ತು. ನನ್ನ ಮದುವೆಯಾದ ಮೇಲೂ ಅವಳು ನಮ್ಮ ಜೊತೆಯಲ್ಲೇ ಇದ್ದಳು. ವಾಚನಾಲಯಕ್ಕೆ ಆರು ಹೊಸ ಕಂಪ್ಯೂಟರ್ ಬಂದಾಗ, "ಇವನ್ನ ಸಿದ್ಧ ಮಾಡೋ ಕೆಲಸ ನನ್ನ ತಮ್ಮನಿಗೆ ಕೊಡಿ, ಕಣ್ಮುಚ್ಚಿ ನಂಬಬಹುದು" ಎಂದು ಮೇಲಿನವರ ಮುಂದೆ ಪಟ್ಟು ಹಿಡಿದಳಂತೆ.

ಅದೇ ಮಾದರಿಯ ಮಷೀನು ನನ್ನಲ್ಲೂ ಇತ್ತು. ಅದನ್ನು ಶುಚಿ ಮಾಡಿ, ಅದರ ಪಡಿಯಚ್ಚನ್ನೇ ಡಿಸ್ಕಿಗೆ ಇಳಿಸಿದರೆ ಕೆಲಸ ಬೇಗ ಮುಗಿಯುತ್ತದೆಂದು ಹಾಗೇ ಮಾಡಿದೆ. ಇಳಿಸುವ ಮೊದಲು ಅದೇ ಮಷೀನಿನಲ್ಲಿ ಅಕ್ಕನಿಗೊಂದು ಪತ್ರ ಟೈಪ್ ಮಾಡಿದ್ದೆ. ಎದುರಿಗೆ ಹೇಳಲು ನಾಲಿಗೆ ಏಳದ ಮಾತು: 'ನಿನ್ನ ಕೋಣೆ ನನ್ನ ಕೆಲಸಕ್ಕೆ ಬೇಕು. ತಿಂಗಳ ಕೊನೆಯೊಳಗೆ ಬೇರೆ ಕಡೆ ನೋಡಿಕೊ.' ಹೆಂಡತಿ ಕಿವಿ ಊದಿದಳೆಂದು ಜಾರಿಕೊಳ್ಳಬಹುದಿತ್ತು. ಪಾಪ, ಅವಳಿಗೆ ವಿಷಯವೇ ಗೊತ್ತಿರಲಿಲ್ಲ. ಕೊಡುವ ಧೈರ್ಯವಾಗದೆ ಪತ್ರವನ್ನು ಅಲ್ಲೇ ಬಿಟ್ಟೆ. ಡಿಸ್ಕ್ ಮಾಡುವ ಆತುರದಲ್ಲಿ ಅದು ನೆನಪಿಗೇ ಬರಲಿಲ್ಲ.

ಆರೂ ಕಂಪ್ಯೂಟರಿಗೆ ಆ ಡಿಸ್ಕ್ ಹಾಕಿ ಬಂದ ಮರುದಿನ ಬೆಳಿಗ್ಗೆ ಅಕ್ಕ ವಾಚನಾಲಯದಿಂದ ಫೋನ್ ಮಾಡಿದಳು. "ಒಂದ್ಸಲ ಬಂದು ಹೋಗು" ಎಂದಳು, ಅಷ್ಟೆ. ನಾನು ಹೋದಾಗ ಬಾಗಿಲು ತೆರೆಯಲು ಇನ್ನೂ ಹತ್ತು ನಿಮಿಷವಿತ್ತು. ಕೊನೆಯ ಕಂಪ್ಯೂಟರಿನ ಮುಂದೆ ಅವಳು ಕನ್ನಡಕ ಏರಿಸಿಕೊಂಡು ಕೂತಿದ್ದಳು. ಪರದೆಯ ಮೇಲೆ ನನ್ನ ಪತ್ರ.

"ಐದರಲ್ಲಿ ಅಳಿಸಿದೆ ಕಣೋ, ಇದೊಂದು ಉಳಿದಿದೆ. ಜನ ಬಂದು ಓದಿದ್ರೆ ನಿನ್ನ ಮಾನ ಹೋಗುತ್ತಲ್ಲ" ಎನ್ನುತ್ತ ಅದನ್ನೂ ಅಳಿಸಿದಳು. "ಡಿಸ್ಕಲ್ಲಿ ಅಳಿಸೋದು ಹೇಗೇಂತ ನಂಗೆ ಗೊತ್ತಾಗ್ಲಿಲ್ಲ. ಅದನ್ನ ನೀನೇ ನೋಡ್ಕೋ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. "ಅಕ್ಕಾ, ಅದು ಸುಮ್ನೆ..." ಎಂದು ತೊದಲಿದೆ.

"ಇರ್ಲಿ ಬಿಡು. ಪಕ್ಕದ ಬೀದೀಲಿ ಒಂದು ರೂಮು ಖಾಲಿ ಇದೆ. ಇಪ್ಪತ್ತೆಂಟಕ್ಕೆ ಹೋಗ್ಲಾ?"

ಬೇಡ ಅನ್ನಬೇಕಿತ್ತು. ಆದರೆ ಅವಳ ಕೋಣೆಯಲ್ಲಿ ಮೇಜು ಎಲ್ಲಿಡುವುದು, ಕಿಟಕಿಯ ಬಳಿ ಎಷ್ಟು ಪ್ಲಗ್ ಬೇಕು ಎಂದು ನನ್ನ ತಲೆ ಆಗಲೇ ಯೋಚಿಸತೊಡಗಿತ್ತು. ನಾಚಿಕೆಯಿಂದ ಸಾಯುತ್ತಲೇ "ಸರಿ" ಎಂದೆ.